ಕಟ್ಟುವಾಗ ಅಷ್ಟು ವೆಚ್ಚ, ಒಡೆಯುವಾಗ ಕೈಗೆ ಬರುವುದು ಅತ್ಯಲ್ಪ: ಜೀವಕೋಶದಲ್ಲಿ ನ್ಯೂಕ್ಲಿಯೊಟೈಡ್‌ಗಳ ಲೆಕ್ಕಾಚಾರದ ಬಗ್ಗೆ ಒಂದು ಚರ್ಚೆ

ಕಿಣ್ವಕುತೂಹಲಿ

ಎಲ್ಲರಿಗೂ ನಮಸ್ಕಾರ. ನಾನು ಸ್ನಾತಕೋತ್ತರ ಮೊದಲ ವರ್ಷದಲ್ಲಿ ಜೀವರಸಾಯನಶಾಸ್ತ್ರ ಓದುತ್ತಿದ್ದೇನೆ. ಗ್ಲೂಕೋಸ್ ಮತ್ತು ಕೊಬ್ಬಿನಾಮ್ಲಗಳ ಪಾಠ ಮುಗಿದು ಈಗ ಡಿಎನ್‌ಎ, ಆರ್‌ಎನ್‌ಎಗಳ ಘಟಕಗಳಾದ ನ್ಯೂಕ್ಲಿಯೊಟೈಡ್‌ಗಳ ಪಾಠ ನಡೆಯುತ್ತಿದೆ. ಹಿಂದಿನ ಪಾಠಗಳಲ್ಲಿ ಲೆಕ್ಕ ಸ್ಪಷ್ಟವಾಗಿತ್ತು: ಕಟ್ಟುವುದಕ್ಕೆ ಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಖರ್ಚಾಗುತ್ತದೆ, ಒಡೆದಾಗ ಎಟಿಪಿ ದೊರೆಯುತ್ತದೆ. ಇಲ್ಲಿ ಆ ಲೆಕ್ಕ ಕೂಡಿಬರುತ್ತಿಲ್ಲ. ಅಡೆನಿನ್, ಗ್ವಾನಿನ್‌ಗಳಲ್ಲಿರುವ ಒಂದು ಪ್ಯೂರಿನ್ ಉಂಗುರವನ್ನು ಕಟ್ಟಲು ಜೀವಕೋಶವು ಹತ್ತು ಹಂತಗಳನ್ನು ದಾಟುತ್ತದೆ, ಆದರೆ ಅದನ್ನು ಒಡೆಯುವಾಗ ಉಂಗುರವನ್ನು ಬಿಡಿಸದೆ ಯೂರಿಕ್ ಆಮ್ಲವಾಗಿ ಮೂತ್ರದಲ್ಲಿ ಹೊರಹಾಕುತ್ತದೆ. ಹಾಗಿದ್ದರೆ ಒಡೆಯುವುದಾದರೂ ಏಕೆ? ಜೊತೆಗೆ, ಪ್ಯೂರಿನನ್ನು ಸಕ್ಕರೆಯ ಮೇಲೆಯೇ ಕಟ್ಟುವ ಕೋಶವು ಪಿರಿಮಿಡಿನ್‌ನ (ಸೈಟೊಸಿನ್, ಥೈಮಿನ್, ಯುರಾಸಿಲ್‌ಗಳ) ಉಂಗುರವನ್ನು ಮೊದಲು ಮುಗಿಸಿ ನಂತರ ಸಕ್ಕರೆಗೆ ಜೋಡಿಸುವುದೇಕೆ ಎಂಬುದೂ ತಿಳಿಯುತ್ತಿಲ್ಲ. ಹಂತಗಳ ಹೆಸರುಗಳು ಬಾಯಿಪಾಠವಾಗಿವೆ, ಅವುಗಳ ಹಿಂದಿರುವ ತರ್ಕ ಬೇಕಾಗಿದೆ.

ಜೀವರಸಾಯನ ಬೋಧಕಿ

ಹಂತಗಳ ಪಟ್ಟಿಯನ್ನು ಸ್ವಲ್ಪ ಬದಿಗಿಟ್ಟು ಮೊದಲು ಬೇಡಿಕೆಯ ಪ್ರಮಾಣವನ್ನು ನೋಡೋಣ. ಮನುಷ್ಯನ ಒಂದು ದ್ವಿಗುಣಿತ ಕೋಶದಲ್ಲಿ ಸುಮಾರು 640 ಕೋಟಿ ಬೇಸ್ ಜೋಡಿಗಳಿವೆ. ಆ ಕೋಶ ಒಮ್ಮೆ ವಿಭಜನೆಯಾಗಬೇಕಾದರೆ ಎರಡು ಹೊಸ ಎಳೆಗಳು ತಯಾರಾಗಬೇಕು, ಅಂದರೆ ಡಿಎನ್‌ಎಯ ಘಟಕಗಳಾದ ಡಿಆಕ್ಸಿನ್ಯೂಕ್ಲಿಯೊಟೈಡ್‌ಗಳು ಸುಮಾರು 1,280 ಕೋಟಿ ಬೇಕು. ಸಾಮಾನ್ಯವಾಗಿ ಕೋಶದಲ್ಲಿ ಆರ್‌ಎನ್‌ಎ ಪ್ರಮಾಣ ಡಿಎನ್‌ಎಗಿಂತ ಹೆಚ್ಚಾಗಿರುವುದರಿಂದ ಒಟ್ಟು ಬೇಡಿಕೆ ಇದಕ್ಕಿಂತಲೂ ಬಹಳ ದೊಡ್ಡದು. ಇಷ್ಟು ಬೇಡಿಕೆಯಿದ್ದರೂ ಕೋಶವು ಡಿಆಕ್ಸಿನ್ಯೂಕ್ಲಿಯೊಟೈಡ್‌ಗಳ ದೊಡ್ಡ ದಾಸ್ತಾನು ಇಟ್ಟುಕೊಳ್ಳುವುದಿಲ್ಲ. ಡಿಎನ್‌ಎ ನಕಲಾಗುತ್ತಿರುವಾಗಲೇ ಅವುಗಳ ತಯಾರಿಕೆಯೂ ನಡೆದಿರಬೇಕು. ಆದ್ದರಿಂದ ಈ ಮಾರ್ಗಗಳನ್ನು ಹಂತಗಳ ಹೆಸರಿನಿಂದ ಓದುವ ಬದಲು ಕೋಶವು ಅವುಗಳನ್ನು ಎಲ್ಲೆಲ್ಲಿ ಹಿಡಿದು ನಿಲ್ಲಿಸುತ್ತದೆ ಎಂಬುದರಿಂದ ಓದಬೇಕೆಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

ಪ್ಯೂರಿನ್ ಉಂಗುರದ ಪರಮಾಣುಗಳು ಎಲ್ಲಿಂದ ಬರುತ್ತವೆ ಎಂಬುದು ತಿಳಿದದ್ದು ಪಾರಿವಾಳಗಳಿಂದ. ಹಕ್ಕಿಗಳು ಬೇಡವಾದ ಸಾರಜನಕವನ್ನು ಯೂರಿಕ್ ಆಮ್ಲದ ರೂಪದಲ್ಲಿ ಹೊರಹಾಕುತ್ತವೆ, ಮತ್ತು ಯೂರಿಕ್ ಆಮ್ಲದಲ್ಲಿ ಪ್ಯೂರಿನ್ ಉಂಗುರ ಹಾಗೆಯೇ ಉಳಿದಿರುತ್ತದೆ. 1940ರ ದಶಕದ ಕೊನೆಯಲ್ಲಿ ಜಾನ್ ಬುಕಾನನ್ ಮತ್ತು ಅವರ ಸಹೋದ್ಯೋಗಿಗಳು ಐಸೊಟೋಪ್ ಗುರುತು ಹಾಕಿದ ಸಣ್ಣ ಅಣುಗಳನ್ನು ಪಾರಿವಾಳಗಳಿಗೆ ಕೊಟ್ಟು, ಅವುಗಳ ಹಿಕ್ಕೆಯಿಂದ ಯೂರಿಕ್ ಆಮ್ಲವನ್ನು ಬೇರ್ಪಡಿಸಿ, ಅದನ್ನು ರಾಸಾಯನಿಕವಾಗಿ ತುಂಡರಿಸಿ, ಗುರುತಿನ ಪರಮಾಣು ಉಂಗುರದ ಯಾವ ಸ್ಥಾನದಲ್ಲಿ ಬಂದು ಕುಳಿತಿದೆ ಎಂದು ನೋಡಿದರು. ಇಂಥ ಪ್ರಯೋಗಗಳಿಂದ ಕ್ರಮೇಣ ಪೂರ್ಣ ಚಿತ್ರ ದೊರೆಯಿತು. 4 ಮತ್ತು 5ನೇ ಇಂಗಾಲಗಳೂ 7ನೇ ಸಾರಜನಕವೂ ಒಂದೇ ಗ್ಲೈಸಿನ್ ಅಣುವಿನಿಂದ ಬರುತ್ತವೆ. 2 ಮತ್ತು 8ನೇ ಇಂಗಾಲಗಳು ಫೋಲೇಟ್ ಎಂಬ ಬಿ ಗುಂಪಿನ ಜೀವಸತ್ವ ಹೊತ್ತು ತರುವ ಫಾರ್ಮಿಲ್ ಗುಂಪಿನಿಂದ, 6ನೇ ಇಂಗಾಲ ಇಂಗಾಲದ ಡೈಆಕ್ಸೈಡ್‌ನಿಂದ, 3 ಮತ್ತು 9ನೇ ಸಾರಜನಕಗಳು ಗ್ಲುಟಮಿನ್‌ನಿಂದ, 1ನೇ ಸಾರಜನಕ ಆಸ್ಪಾರ್ಟೇಟ್‌ನಿಂದ ಬರುತ್ತವೆ. ಒಂಬತ್ತು ಪರಮಾಣುಗಳ ಒಂದು ಪುಟ್ಟ ರಚನೆಗೆ ಐದು ಬೇರೆ ಬೇರೆ ಮೂಲಗಳು. ಈ ಪಟ್ಟಿ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಇದೆಲ್ಲ ನಡೆಯುವುದು ರೈಬೋಸ್ ಸಕ್ಕರೆಯ ಮೇಲೆಯೇ. ರೈಬೋಸ್-5-ಫಾಸ್ಫೇಟ್‌ಗೆ ಎಟಿಪಿಯಿಂದ ಪೈರೋಫಾಸ್ಫೇಟ್ ಗುಂಪು ಸೇರಿದಾಗ ಪಿಆರ್‌ಪಿಪಿ ಎಂಬ ಅಣುವಾಗುತ್ತದೆ. ಗ್ಲುಟಮಿನ್‌ನ ಅಮೈಡ್ ಸಾರಜನಕವು ಆ ಪೈರೋಫಾಸ್ಫೇಟನ್ನು ಹೊರದಬ್ಬಿ ಸಕ್ಕರೆಗೆ ಅಂಟಿಕೊಂಡಾಗ ಪ್ಯೂರಿನ್ ಮಾರ್ಗದ ಮೊದಲ ನಿರ್ಣಾಯಕ ಹಂತ ಮುಗಿಯುತ್ತದೆ. ಅಲ್ಲಿಂದ, ಉಂಗುರ ಪೂರ್ಣಗೊಂಡ ಮೊದಲ ನ್ಯೂಕ್ಲಿಯೊಟೈಡಾದ ಐಎಂಪಿ ಆಗುವವರೆಗೆ ಪ್ರಾಣಿಗಳಲ್ಲಿ ಇನ್ನೂ ನಾಲ್ಕು ಎಟಿಪಿ ಖರ್ಚಾಗುತ್ತವೆ. ಮೊದಲ ಹಂತದ ಕಿಣ್ವವನ್ನು ಎಎಂಪಿ (ಅಡೆನಿನ್‌ನ ನ್ಯೂಕ್ಲಿಯೊಟೈಡ್), ಜಿಎಂಪಿ (ಗ್ವಾನಿನ್‌ನದು), ಐಎಂಪಿ ಮೂರೂ ತಡೆಯುತ್ತವೆ, ಪಿಆರ್‌ಪಿಪಿ ಹೆಚ್ಚಾದರೆ ಅದೇ ಕಿಣ್ವ ಚುರುಕಾಗುತ್ತದೆ. ಈ ಎರಡನೆಯ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಕೆಳಗೆ ರೋಗಗಳ ವಿಷಯ ಬಂದಾಗ ಅದು ಬೇಕಾಗುತ್ತದೆ.

ಐಎಂಪಿಯ ಬಳಿ ದಾರಿ ಕವಲೊಡೆಯುತ್ತದೆ. ಎಎಂಪಿ ಮಾಡಲು ಗ್ವಾನಿನ್‌ನ ತ್ರಿಫಾಸ್ಫೇಟ್ ಆದ ಜಿಟಿಪಿ ಖರ್ಚಾಗುತ್ತದೆ, ಜಿಎಂಪಿ ಮಾಡಲು ಅಡೆನಿನ್‌ನ ತ್ರಿಫಾಸ್ಫೇಟ್ ಆದ ಎಟಿಪಿ ಖರ್ಚಾಗುತ್ತದೆ. ಒಂದರ ಉತ್ಪಾದನೆಗೆ ಇನ್ನೊಂದರ ಲಭ್ಯತೆಯೇ ಮಿತಿಯಾಗಿರುವುದರಿಂದ ಅಡೆನಿನ್ ಮತ್ತು ಗ್ವಾನಿನ್ ಎರಡೂ ಸರಿಸುಮಾರು ಹೊಂದಿಕೊಂಡು ತಯಾರಾಗುತ್ತವೆ.

ಕಿಣ್ವಕುತೂಹಲಿ

ಧನ್ಯವಾದಗಳು ಮೇಡಂ. ಎಎಂಪಿಗೆ ಜಿಟಿಪಿ ಏಕೆ ಬೇಕು ಎಂದು ಪರೀಕ್ಷೆಗಾಗಿ ಬರೆದುಕೊಂಡಿದ್ದೆ, ಕಾರಣ ಈಗ ಗೊತ್ತಾಯಿತು. ಪಿರಿಮಿಡಿನ್‌ನಲ್ಲಿ ಕ್ರಮ ತಿರುವುಮುರುವಾಗಿರುವುದಕ್ಕೂ ಇಂಥದ್ದೇ ಕಾರಣವಿದೆಯೇ?

ಅಣುಜೀವಿ ಸಂಶೋಧಕ

ಪಿರಿಮಿಡಿನ್ ಉಂಗುರ ಸರಳವಾದದ್ದು. ಕಾರ್ಬಮೊಯಿಲ್ ಫಾಸ್ಫೇಟ್ ಮತ್ತು ಆಸ್ಪಾರ್ಟೇಟ್ ಎಂಬ ಎರಡೇ ತುಂಡುಗಳನ್ನು ಕೂಡಿಸಿ, ನೀರಿನ ಒಂದು ಅಣುವನ್ನು ತೆಗೆದು ಉಂಗುರ ಮುಚ್ಚಿದರೆ ಡೈಹೈಡ್ರೊ-ಓರೊಟೇಟ್ ಸಿದ್ಧ. ನನ್ನ ತಿಳಿವಳಿಕೆಯಂತೆ, ಪ್ಯೂರಿನ್ ಮಾರ್ಗದ ಮಧ್ಯದ ಅಣುಗಳನ್ನು ಹಿಡಿದಿಟ್ಟುಕೊಳ್ಳಲು ಸಕ್ಕರೆ-ಫಾಸ್ಫೇಟ್ ಒಂದು ಹಿಡಿಕೆಯಂತೆ ನೆರವಾಗುತ್ತದೆ. ಪಿರಿಮಿಡಿನ್‌ಗೆ ಅಂಥ ಹಿಡಿಕೆಯ ಅಗತ್ಯ ಕಡಿಮೆ. ಪ್ರಾಣಿಗಳಲ್ಲಿ ಮೊದಲ ಮೂರು ಹಂತಗಳ ಕಿಣ್ವಗಳು ಸಿಎಡಿ ಎಂಬ ಒಂದೇ ಉದ್ದನೆಯ ಪ್ರೋಟೀನ್‌ನ ಭಾಗಗಳಾಗಿವೆ. ಡೈಹೈಡ್ರೊ-ಓರೊಟೇಟನ್ನು ಓರೊಟೇಟ್ ಮಾಡುವ ನಾಲ್ಕನೆಯ ಹಂತ ಮಾತ್ರ ಮೈಟೊಕಾಂಡ್ರಿಯದ ಒಳಪೊರೆಯ ಮೇಲೆ ನಡೆಯುತ್ತದೆ. ಅಲ್ಲಿ ತೆಗೆದ ಎಲೆಕ್ಟ್ರಾನ್‌ಗಳು ನೇರವಾಗಿ ಉಸಿರಾಟದ ಸರಪಳಿಗೆ ಹೋಗುತ್ತವೆ. ಸಂಧಿವಾತಕ್ಕೆ ಕೊಡುವ ಲೆಫ್ಲುನೊಮೈಡ್ ಔಷಧಿ ತಡೆಯುವುದು ಇದೇ ಕಿಣ್ವವನ್ನು. ವೇಗವಾಗಿ ಹೆಚ್ಚುವ ಲಿಂಫೊಸೈಟ್‌ಗಳೆಂಬ ಬಿಳಿ ರಕ್ತಕಣಗಳಿಗೆ ಹೊಸ ಪಿರಿಮಿಡಿನ್ ಸಿಗದಂತಾಗಿ ಅವುಗಳ ಹೆಚ್ಚಳ ಕುಗ್ಗುತ್ತದೆ.

ಕೊನೆಯ ಹಂತದ ಬಗ್ಗೆ ಎರಡು ಮಾತು ಹೇಳದಿರಲಾರೆ. ಓರೊಟೇಟ್ ಸಕ್ಕರೆಗೆ ಸೇರಿ ಆಗುವ ಓಎಂಪಿಯಿಂದ ಇಂಗಾಲದ ಡೈಆಕ್ಸೈಡನ್ನು ತೆಗೆದು ಯುರಾಸಿಲ್‌ನ ನ್ಯೂಕ್ಲಿಯೊಟೈಡಾದ ಯುಎಂಪಿ ಮಾಡುವ ಕಿಣ್ವಕ್ಕೆ ಲೋಹವೂ ಬೇಡ, ಸಹಕಿಣ್ವವೂ ಬೇಡ. ಕಿಣ್ವವಿಲ್ಲದೆ ಈ ಕ್ರಿಯೆ ತಾನಾಗಿಯೇ ನಡೆಯಬೇಕೆಂದರೆ ಅದರ ಅರ್ಧಾಯುಷ್ಯ ಸುಮಾರು 7.8 ಕೋಟಿ ವರ್ಷ ಎಂದು 1995ರಲ್ಲಿ ರಾಡ್ಜಿಕಾ ಮತ್ತು ವುಲ್ಫೆಂಡೆನ್ ಲೆಕ್ಕ ಹಾಕಿದರು. ಕಿಣ್ವದ ಕೈಯಲ್ಲಿ ಅದು ಸೆಕೆಂಡಿನ ಒಂದು ಸಣ್ಣ ಭಾಗದಲ್ಲಿ ಮುಗಿಯುತ್ತದೆ. ಮನುಷ್ಯರಲ್ಲಿ ಈ ಕಿಣ್ವವೂ ಅದರ ಹಿಂದಿನದೂ ಒಂದೇ ಪ್ರೋಟೀನ್‌ನಲ್ಲಿವೆ. ಆ ಪ್ರೋಟೀನ್ ದೋಷಪೂರಿತವಾದ ಮಕ್ಕಳಲ್ಲಿ ಓರೊಟಿಕ್ ಆಮ್ಲ ಮೂತ್ರದಲ್ಲಿ ಸೋರಿಹೋಗುತ್ತದೆ, ಒಂದು ಬಗೆಯ ರಕ್ತಹೀನತೆ ಉಂಟಾಗುತ್ತದೆ. ಯೂರಿಡಿನ್ (ಯುರಾಸಿಲ್ ಮತ್ತು ರೈಬೋಸ್ ಸೇರಿದ ಅಣು) ಕೊಟ್ಟರೆ ಮಗು ಚೇತರಿಸಿಕೊಳ್ಳುತ್ತದೆ. ಯೂರಿಡಿನ್‌ನಿಂದ ಪಿರಿಮಿಡಿನ್ ಕೊರತೆ ನೀಗುತ್ತದೆ, ಅದರಿಂದಾದ ಯುಟಿಪಿ ಸಿಎಡಿಯನ್ನು ತಡೆದು ಓರೊಟೇಟ್‌ನ ಅತಿ ಉತ್ಪಾದನೆಯನ್ನೂ ನಿಲ್ಲಿಸುತ್ತದೆ.

ಜೀವರಸಾಯನ ಬೋಧಕಿ

ಇಲ್ಲಿಯವರೆಗೆ ನಾವು ಮಾತನಾಡಿದ್ದು ಆರ್‌ಎನ್‌ಎಗೆ ಬೇಕಾದ ನ್ಯೂಕ್ಲಿಯೊಟೈಡ್‌ಗಳ ಬಗ್ಗೆ. ಡಿಎನ್‌ಎಗೆ ಬೇಕಾದವುಗಳಿಗೆ ಬೇರೊಂದು ಮೂಲವಿಲ್ಲ, ಆರ್‌ಎನ್‌ಎಯ ಘಟಕಗಳನ್ನೇ ಮಾರ್ಪಡಿಸಬೇಕು. ರೈಬೋನ್ಯೂಕ್ಲಿಯೊಟೈಡ್ ರಿಡಕ್ಟೇಸ್ ಎಂಬ ಕಿಣ್ವವು ಎಡಿಪಿ, ಜಿಡಿಪಿ, ಸಿಡಿಪಿ, ಯುಡಿಪಿ ಎಂಬ ಎರಡು ಫಾಸ್ಫೇಟ್‌ಗಳಿರುವ ನ್ಯೂಕ್ಲಿಯೊಟೈಡ್‌ಗಳ ಸಕ್ಕರೆಯಿಂದ 2ನೇ ಸ್ಥಾನದ ಆಮ್ಲಜನಕವನ್ನು ತೆಗೆಯುತ್ತದೆ. ಅದಕ್ಕಾಗಿ ಟೈರೊಸಿನ್‌ನ ಮೇಲೆ ಒಂದು ಮುಕ್ತ ರಾಡಿಕಲ್ ಅನ್ನು ಕಾಪಾಡಿಕೊಂಡಿರುತ್ತದೆ. ಸಾಧಾರಣವಾಗಿ ಕೋಶಗಳು ಭಯಪಡುವ ರಾಡಿಕಲ್ಲನ್ನು ಈ ಕಿಣ್ವ ತನ್ನ ಒಳಗೆ ಹುದುಗಿಸಿಟ್ಟುಕೊಂಡು ಕೆಲಸಕ್ಕೆ ಹಚ್ಚುತ್ತದೆ. ಹೈಡ್ರಾಕ್ಸಿಯೂರಿಯಾ ಎಂಬ ಔಷಧಿ ಆ ರಾಡಿಕಲ್ಲನ್ನೇ ಆರಿಸಿಬಿಡುತ್ತದೆ. ಎಟಿಪಿಯ ಡಿಆಕ್ಸಿ ರೂಪವಾದ ಡಿಎಟಿಪಿ ಹೆಚ್ಚಾದರೆ ಇಡೀ ಕಿಣ್ವ ನಿಲ್ಲುತ್ತದೆ. ಇದೂ ಮುಂದೆ ಬೇಕಾಗುವ ಮಾತು.

ಉಳಿದದ್ದು ಥೈಮಿನ್. ಯುಎಂಪಿಯ ಡಿಆಕ್ಸಿ ರೂಪವಾದ ಡಿಯುಎಂಪಿಗೆ ಫೋಲೇಟ್‌ನಿಂದ ಒಂದು ಇಂಗಾಲದ ಗುಂಪು ಸೇರಿದರೆ ಥೈಮಿನ್‌ನ ನ್ಯೂಕ್ಲಿಯೊಟೈಡಾದ ಡಿಟಿಎಂಪಿ ಆಗುತ್ತದೆ. ಫೋಲೇಟ್ ಆ ಗುಂಪನ್ನು ಕೊಡುವುದಷ್ಟೇ ಅಲ್ಲದೆ ತನ್ನ ಹೈಡ್ರೋಜನ್‌ಗಳನ್ನೂ ಕಳೆದುಕೊಂಡು ಡೈಹೈಡ್ರೊಫೋಲೇಟ್ ಆಗಿಬಿಡುತ್ತದೆ. ಅದನ್ನು ಮತ್ತೆ ಕೆಲಸಕ್ಕೆ ಬರುವ ರೂಪಕ್ಕೆ ತರುವ ಕಿಣ್ವವನ್ನು ಮೆಥೊಟ್ರೆಕ್ಸೇಟ್ ಎಂಬ ಕ್ಯಾನ್ಸರ್ ಔಷಧಿ ತಡೆಯುತ್ತದೆ. ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದ ತಂಡವು ಒದಗಿಸಿದ ಅಮೈನೊಪ್ಟೆರಿನ್ ಎಂಬ ಇದೇ ಬಗೆಯ ಅಣುವಿನಿಂದ ಲ್ಯುಕೇಮಿಯಾ ಪೀಡಿತ ಮಕ್ಕಳಲ್ಲಿ ತಾತ್ಕಾಲಿಕ ಉಪಶಮನ ಕಂಡುಬಂದದ್ದನ್ನು ಸಿಡ್ನಿ ಫಾರ್ಬರ್ 1948ರಲ್ಲಿ ಪ್ರಕಟಿಸಿದರು. ಕ್ಯಾನ್ಸರ್‌ನ ರಾಸಾಯನಿಕ ಚಿಕಿತ್ಸೆಯ ಇತಿಹಾಸದಲ್ಲಿ ಇದಕ್ಕಿರುವ ಸ್ಥಾನ ದೊಡ್ಡದು, ಮತ್ತು ಆ ಸ್ಥಾನ ಸುಬ್ಬರಾವ್ ಅವರಿಗೂ ಸಲ್ಲಬೇಕು.

ಅಣುಜೀವಿ ಸಂಶೋಧಕ

ಥೈಮಿನ್ ಇಲ್ಲದ ಕೋಶ ಬೆಳವಣಿಗೆ ನಿಲ್ಲಿಸಿ ಸುಮ್ಮನಿರುವುದಿಲ್ಲ, ಸಾಯುತ್ತದೆ ಎಂಬುದನ್ನು ಇಲ್ಲಿ ಸೇರಿಸಬೇಕು. 1954ರಲ್ಲಿ ಹೇಜಲ್ ಬಾರ್ನರ್ ಮತ್ತು ಸೆಮೂರ್ ಕೊಹೆನ್ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಇದನ್ನು ತೋರಿಸಿದರು. ಇತರ ಅನೇಕ ಪೋಷಕಾಂಶಗಳ ಕೊರತೆಯಾದರೆ ಬ್ಯಾಕ್ಟೀರಿಯಾ ಕಾದು ಕುಳಿತಿರಬಲ್ಲದು, ಆದರೆ ಇತರ ಪೋಷಕಾಂಶಗಳು ಧಾರಾಳವಾಗಿದ್ದು ಥೈಮಿನ್ ಮಾತ್ರ ಇಲ್ಲದಿದ್ದರೆ ಅದು ಉಳಿಯದು. ಒಂದು ಮುಖ್ಯ ಕಾರಣವು ಕಟ್ಟುವ ಮತ್ತು ಒಡೆಯುವ ಕೆಲಸಗಳು ಪರಸ್ಪರ ಸಿಕ್ಕಿಕೊಳ್ಳುವುದರಲ್ಲಿದೆ. ಥೈಮಿನ್ ಸಿಗದಾಗ ಯುರಾಸಿಲ್ ಹೊತ್ತ ಡಿಯುಟಿಪಿ ಹೆಚ್ಚಿ, ಡಿಎನ್‌ಎಯಲ್ಲಿ ಥೈಮಿನ್‌ನ ಜಾಗಕ್ಕೆ ಯುರಾಸಿಲ್ ಸೇರುತ್ತದೆ. ಯುರಾಸಿಲ್ ಕಂಡಲ್ಲೆಲ್ಲ ಕತ್ತರಿಸಿ ತೆಗೆಯುವ ದುರಸ್ತಿ ಕಿಣ್ವವನ್ನು ತೋಮಸ್ ಲಿಂಡಾಲ್ 1974ರಲ್ಲಿ ಗುರುತಿಸಿದ್ದರು. ಆ ಕಿಣ್ವ ಯುರಾಸಿಲನ್ನು ತೆಗೆಯುತ್ತದೆ, ಖಾಲಿ ಜಾಗವನ್ನು ತುಂಬುವಾಗ ಮತ್ತೆ ಯುರಾಸಿಲ್ಲೇ ಬರುತ್ತದೆ, ಮತ್ತೆ ಕತ್ತರಿ ಬೀಳುತ್ತದೆ. ಕೊನೆಗೆ ಎಳೆಯೇ ತುಂಡಾಗುತ್ತದೆ.

ಕಿಣ್ವಕುತೂಹಲಿ

ಇದು ನನ್ನ ಮೂಲ ಪ್ರಶ್ನೆಗೆ ಹತ್ತಿರ ಬರುತ್ತಿದೆ. ಶಕ್ತಿಗಾಗಿ ಅಲ್ಲವಾದರೆ ಕೋಶವು ನ್ಯೂಕ್ಲಿಯಿಕ್ ಆಮ್ಲಗಳನ್ನು ಏತಕ್ಕಾಗಿ ಒಡೆಯುತ್ತದೆ?

ಜೀವರಸಾಯನ ಬೋಧಕಿ

ಮೊದಲು ದೊಡ್ಡ ಅಣುವಿನ ಮಟ್ಟದಲ್ಲಿ ನೋಡಿ. ಸಂದೇಶವಾಹಕ ಆರ್‌ಎನ್‌ಎ ಒಡೆಯದಿದ್ದರೆ ನಿನ್ನೆಯ ಆದೇಶವೇ ಇಂದೂ ಜಾರಿಯಲ್ಲಿರುತ್ತದೆ. ಬ್ಯಾಕ್ಟೀರಿಯಾಗಳಲ್ಲಿ ಬಹುತೇಕ ಸಂದೇಶವಾಹಕಗಳ ಅರ್ಧಾಯುಷ್ಯ ಕೆಲವೇ ನಿಮಿಷ, ನಮ್ಮ ಕೋಶಗಳಲ್ಲಿ ಸಾಮಾನ್ಯವಾಗಿ ಗಂಟೆಗಳು. ನಮ್ಮಲ್ಲಿ ಸಾಮಾನ್ಯವಾಗಿ ಮೊದಲು ಅಡೆನಿನ್‌ಗಳ ಬಾಲ ಮೊಟಕಾಗುತ್ತದೆ, ನಂತರ ಮುಂಭಾಗದ ಟೋಪಿ ಕಳಚುತ್ತದೆ, ಆಮೇಲೆ ಎರಡೂ ಬದಿಯಿಂದ ಕಿಣ್ವಗಳು ಅದನ್ನು ಕೊರೆದು ಮುಗಿಸುತ್ತವೆ. ಯಾವ ಸಂದೇಶ ಎಷ್ಟು ಹೊತ್ತು ಬದುಕಬೇಕು ಎಂಬುದೇ ವಂಶವಾಹಿಗಳ ನಿಯಂತ್ರಣದ ಅರ್ಧ ಭಾಗ ಎಂದರೆ ತಪ್ಪಾಗಲಾರದು.

ಒಡೆದಾಗ ಬರುವ ಏಕಘಟಕ ನ್ಯೂಕ್ಲಿಯೊಟೈಡ್‌ಗಳ ಬಹುಪಾಲು ವ್ಯರ್ಥವಾಗುವುದಿಲ್ಲ ಎಂಬುದನ್ನೂ ಗಮನಿಸಿ. ಫಾಸ್ಫೇಟ್ ಸೇರಿಸಿ ಅವುಗಳನ್ನು ಮತ್ತೆ ಬಳಸಲಾಗುತ್ತದೆ. ಇನ್ನೂ ಮುಂದೆ ಒಡೆದು ಬೇಸ್ ಬೇರೆಯಾದರೂ ಮರುಬಳಕೆಯ ಮಾರ್ಗ ತೆರೆದಿರುತ್ತದೆ: ಹೈಪೊಕ್ಸಾಂಥಿನ್ (ಐಎಂಪಿಯ ಬೇಸ್) ಅಥವಾ ಗ್ವಾನಿನ್ ಜೊತೆಗೆ ಪಿಆರ್‌ಪಿಪಿ ಸೇರಿಸಿದರೆ ಎಚ್‌ಜಿಪಿಆರ್‌ಟಿ ಎಂಬ ಕಿಣ್ವ ಒಂದೇ ಹಂತದಲ್ಲಿ ಐಎಂಪಿ ಅಥವಾ ಜಿಎಂಪಿಯನ್ನು ಮಾಡಿಕೊಡುತ್ತದೆ. ಹತ್ತು ಹಂತಗಳ ಕೆಲಸ ಒಂದು ಹಂತದಲ್ಲಿ ಮುಗಿಯಿತು. ನಿಮ್ಮ ಲೆಕ್ಕ ಕೂಡಿಬರದಿರಲು ಈ ಸಾಲು ಬಿಟ್ಟುಹೋದದ್ದೇ ಕಾರಣ. ಕೆಂಪು ರಕ್ತಕಣಗಳಿಗೆ ಹೊಸದಾಗಿ ಪ್ಯೂರಿನ್ ಕಟ್ಟುವ ಶಕ್ತಿಯೇ ಇಲ್ಲ, ಅವು ನಿಂತಿರುವುದು ಮರುಬಳಕೆಯ ಮೇಲೆ.

ಸಕ್ಕರೆಯೂ ಹಿಂದಿರುಗುತ್ತದೆ. ನ್ಯೂಕ್ಲಿಯೊಸೈಡ್‌ಗಳನ್ನು, ಅಂದರೆ ಫಾಸ್ಫೇಟ್ ಕಳಚಿದ ಬೇಸ್-ಸಕ್ಕರೆ ಜೋಡಿಗಳನ್ನು, ಕೋಶವು ಬಹುಮಟ್ಟಿಗೆ ನೀರಿನಿಂದಲ್ಲ, ಫಾಸ್ಫೇಟ್‌ನಿಂದ ಸೀಳುತ್ತದೆ. ಆದ್ದರಿಂದ ದೊರೆಯುವುದು ಬರಿ ರೈಬೋಸ್ ಅಲ್ಲ, ರೈಬೋಸ್-1-ಫಾಸ್ಫೇಟ್. ಅದು ಎಟಿಪಿ ಖರ್ಚಿಲ್ಲದೆ ಪೆಂಟೋಸ್ ಮಾರ್ಗಕ್ಕೆ ಸೇರಿಕೊಳ್ಳುತ್ತದೆ. ಕೈಬಿಟ್ಟುಹೋಗುವುದು ಮುಖ್ಯವಾಗಿ ಉಂಗುರ ಮಾತ್ರ.

ಅಣುಜೀವಿ ಸಂಶೋಧಕ

ಒಡೆಯುವುದನ್ನು ರಕ್ಷಣೆಗೂ ಬಳಸುವುದುಂಟು. ನಮ್ಮ ಮ್ಯಾಕ್ರೊಫೇಜ್ ಎಂಬ ರಕ್ಷಣಾ ಕೋಶಗಳಲ್ಲಿರುವ ಎಸ್‌ಎಎಂಎಚ್‌ಡಿ-1 ಎಂಬ ಕಿಣ್ವವು ಡಿಆಕ್ಸಿನ್ಯೂಕ್ಲಿಯೊಟೈಡ್‌ಗಳನ್ನು ಒಡೆದು ಅವುಗಳ ಮಟ್ಟವನ್ನು ಬಹಳ ಕೆಳಗೆ ಇಡುತ್ತದೆ. ಎಚ್‌ಐವಿ-1 ತನ್ನ ಆರ್‌ಎನ್‌ಎಯಿಂದ ಡಿಎನ್‌ಎ ಪ್ರತಿ ಮಾಡಿಕೊಳ್ಳಲು ಬಂದಾಗ ಅದಕ್ಕೆ ಸಾಮಗ್ರಿ ಸಿಗುವುದು ದುರ್ಲಭವಾಗುತ್ತದೆ. ಎಚ್‌ಐವಿ-2 ಇದಕ್ಕೆ ಪ್ರತಿತಂತ್ರವಾಗಿ ವಿಪಿಎಕ್ಸ್ ಎಂಬ ಪ್ರೋಟೀನನ್ನು ಹೊಂದಿದ್ದು, ಅದು ಆ ಕಿಣ್ವವನ್ನೇ ನಾಶಕ್ಕೆ ಗುರಿಪಡಿಸುತ್ತದೆ.

ಇನ್ನೊಂದು ಸಂಗತಿ. ಮಲೇರಿಯಾದ ಪರಾವಲಂಬಿ ಪ್ಲಾಸ್ಮೋಡಿಯಂಗೆ ಪ್ಯೂರಿನ್ ಕಟ್ಟಲು ಬರುವುದಿಲ್ಲ, ಅದು ನಮ್ಮ ರಕ್ತಕಣದಿಂದಲೇ ಅದನ್ನು ಪಡೆಯುತ್ತದೆ. ಪಿರಿಮಿಡಿನ್ ವಿಷಯದಲ್ಲಿ ಇದಕ್ಕೆ ವ್ಯತಿರಿಕ್ತ: ಹೊಸದಾಗಿ ಕಟ್ಟಬಲ್ಲದು, ಮರುಬಳಸಲಾರದು.

ರೋಗನಿದಾನ ವೈದ್ಯ

ಉಂಗುರ ಕೈಬಿಟ್ಟುಹೋದ ನಂತರದ ಕಥೆ ನಮ್ಮ ಪ್ರಯೋಗಾಲಯಕ್ಕೆ ಬರುತ್ತದೆ. ಊದಿದ ಕೀಲಿನಿಂದ ತೆಗೆದ ದ್ರವದ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಗೌಟ್ ಇರುವವರಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಸೂಜಿಗಳಂತಹ ಹೊಳೆಯುವ ಹರಳುಗಳು ಕಾಣುತ್ತವೆ. ಕೆಂಪು ಫಿಲ್ಟರನ್ನು ಸೇರಿಸಿ ಗಾಜಿನ ಪಟ್ಟಿಯನ್ನು ತಿರುಗಿಸಿದರೆ, ಫಿಲ್ಟರ್‌ನ ಅಕ್ಷಕ್ಕೆ ಸಮಾಂತರವಾಗಿರುವ ಸೂಜಿ ಹಳದಿಯಾಗಿಯೂ ಅಡ್ಡವಾಗಿರುವುದು ನೀಲಿಯಾಗಿಯೂ ಕಾಣುತ್ತದೆ. ಎಷ್ಟೋ ಹರಳುಗಳು ಬಿಳಿ ರಕ್ತಕಣದ ಒಳಗೇ ಇರುತ್ತವೆ. ಕಣವು ಅದನ್ನು ನುಂಗಿದೆ, ಆದರೆ ಕರಗಿಸಲಾರದು. ನೋವಿಗೂ ಉರಿಯೂತಕ್ಕೂ ಮೂಲ ಅಲ್ಲಿದೆ. ಅದು ಸೋಡಿಯಂ ಯೂರೇಟ್, ಅಂದರೆ ಮೇಡಂ ಹೇಳಿದ ಅದೇ ಒಂಬತ್ತು ಪರಮಾಣುಗಳ ಉಂಗುರ.

ಉಂಗುರ ಅಲ್ಲಿಗೆ ಬರುವ ದಾರಿ ಚಿಕ್ಕದು. ಎಎಂಪಿ ಮತ್ತು ಜಿಎಂಪಿಗಳಿಂದ ಹೊರಟ ದಾರಿಗಳು ಕ್ಸಾಂಥಿನ್‌ನಲ್ಲಿ ಕೂಡುತ್ತವೆ. ಮಾಲಿಬ್ಡಿನಂ ಇರುವ ಕ್ಸಾಂಥಿನ್ ಆಕ್ಸಿಡೇಸ್ ಕಿಣ್ವವು ಹೈಪೊಕ್ಸಾಂಥಿನನ್ನು ಕ್ಸಾಂಥಿನ್ ಆಗಿಯೂ, ಅದನ್ನು ಯೂರಿಕ್ ಆಮ್ಲವಾಗಿಯೂ ಮಾಡುತ್ತದೆ. ಬೇರೆ ಬಹುತೇಕ ಸಸ್ತನಿಗಳು ಇದನ್ನು ಯೂರಿಕೇಸ್ ಕಿಣ್ವದಿಂದ ಇನ್ನೂ ಒಡೆದು, ನೀರಿನಲ್ಲಿ ಚೆನ್ನಾಗಿ ಕರಗುವ ಅಲಂಟೊಯಿನ್ ಮಾಡಿಕೊಳ್ಳುತ್ತವೆ. ಮನುಷ್ಯನಲ್ಲೂ ದೊಡ್ಡ ವಾನರಗಳಲ್ಲೂ ಆ ವಂಶವಾಹಿ ವಿಕಾಸದ ಹಾದಿಯಲ್ಲಿ ಕೆಟ್ಟುಹೋಗಿದೆ. ಯೂರಿಕ್ ಆಮ್ಲ ಉತ್ಕರ್ಷಣ ನಿರೋಧಕವಾಗಿ ನೆರವಾಗುವುದರಿಂದ ಆ ನಷ್ಟ ಉಳಿದುಬಂತು ಎಂಬ ವಾದವಿದೆ. ಆಕರ್ಷಕವಾದರೂ ಅದನ್ನು ಊಹೆಯೆಂದೇ ಇಟ್ಟುಕೊಳ್ಳುವುದು ಒಳ್ಳೆಯದು. ರಕ್ತದಲ್ಲಿ ಯೂರೇಟ್ ಡೆಸಿಲೀಟರ್‌ಗೆ ಸುಮಾರು 6.8 ಮಿಲಿಗ್ರಾಂ ದಾಟಿದರೆ ಕರಗುವ ಮಿತಿ ಮುಗಿಯುತ್ತದೆ.

ಪಿರಿಮಿಡಿನ್‌ಗೆ ಈ ತೊಂದರೆ ಇಲ್ಲ. ಯುರಾಸಿಲ್ ಉಂಗುರ ಬಿಚ್ಚಿಕೊಂಡು ಬೀಟಾ-ಅಲನಿನ್, ಅಮೋನಿಯಾ, ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಎಲ್ಲವೂ ಕರಗುವಂಥವು. ಈ ದಾರಿಯ ಮೊದಲ ಕಿಣ್ವದ ಕೊರತೆಯಿರುವವರಿಗೆ 5-ಫ್ಲೋರೊಯುರಾಸಿಲ್ ಎಂಬ ಕ್ಯಾನ್ಸರ್ ಔಷಧಿ ವಿಷವಾಗುತ್ತದೆ, ಏಕೆಂದರೆ ಆ ಔಷಧಿಯನ್ನು ಒಡೆಯುವುದೂ ಅದೇ ಕಿಣ್ವ.

ಆಸಕ್ತ ಓದುಗ

ನಾನು ಈ ವಿಷಯದ ವಿದ್ಯಾರ್ಥಿಯಲ್ಲ, ಆದರೆ ಯೂರಿಕ್ ಆಮ್ಲದ ತೊಂದರೆ ನನಗಿದೆ. ಡಾಕ್ಟರೇ, ಪ್ಯೂರಿನ್ ಇರುವ ಆಹಾರವನ್ನು ಪೂರ್ತಿ ಬಿಟ್ಟರೆ ಸಾಕಾಗುವುದಿಲ್ಲವೇ?

ರೋಗನಿದಾನ ವೈದ್ಯ

ಆಹಾರದಲ್ಲಿನ ಹಿಡಿತ ನೆರವಾಗುತ್ತದೆ, ಆದರೆ ಯೂರಿಕ್ ಆಮ್ಲದ ಹೆಚ್ಚಿನ ಪಾಲು ಬರುವುದು ನಮ್ಮದೇ ಕೋಶಗಳ ಪ್ಯೂರಿನ್‌ನಿಂದ. ಅದರ ಸುಮಾರು ಮೂರನೇ ಎರಡು ಭಾಗವನ್ನು ಮೂತ್ರಪಿಂಡಗಳೂ ಉಳಿದದ್ದನ್ನು ಕರುಳೂ ಹೊರಹಾಕುತ್ತವೆ, ಮತ್ತು ಬಹುತೇಕ ರೋಗಿಗಳಲ್ಲಿ ತೊಡಕು ಇರುವುದು ಹೊರಹಾಕುವುದರಲ್ಲಿ. ಪ್ಯೂರಿನ್ನೇ ಇಲ್ಲದ ಫ್ರಕ್ಟೋಸ್ ಸಕ್ಕರೆ ಕೂಡ ಯೂರಿಕ್ ಆಮ್ಲವನ್ನು ಏರಿಸುತ್ತದೆ: ಯಕೃತ್ತು ಅದಕ್ಕೆ ಅವಸರದಲ್ಲಿ ಫಾಸ್ಫೇಟ್ ಸೇರಿಸುವಾಗ ಎಟಿಪಿ ಕರಗಿ ಎಎಂಪಿ ಉಳಿಯುತ್ತದೆ, ಆ ಎಎಂಪಿ ಒಡೆಯುವ ದಾರಿಗೆ ಬೀಳುತ್ತದೆ. ನಿಮ್ಮ ಚಿಕಿತ್ಸೆಯನ್ನು ನಿಮ್ಮನ್ನು ನೋಡುತ್ತಿರುವ ವೈದ್ಯರೇ ತೀರ್ಮಾನಿಸಲಿ.

ಜೀವರಸಾಯನ ಬೋಧಕಿ

ಈಗ ನಾನು ನೆನಪಿಟ್ಟುಕೊಳ್ಳಲು ಹೇಳಿದ್ದ ಎರಡು ಮಾತುಗಳಿಗೆ ಬರುತ್ತೇನೆ. 1964ರಲ್ಲಿ ಮೈಕೆಲ್ ಲೆಷ್ ಮತ್ತು ವಿಲಿಯಂ ನೈಹಾನ್ ವಿವರಿಸಿದ ರೋಗದಲ್ಲಿ ಎಚ್‌ಜಿಪಿಆರ್‌ಟಿ ಇರುವುದಿಲ್ಲ. ಅದರ ವಂಶವಾಹಿ ಎಕ್ಸ್ ಕ್ರೋಮೋಸೋಮಿನ ಮೇಲಿರುವುದರಿಂದ ರೋಗಿಗಳು ಬಹುತೇಕ ಗಂಡುಮಕ್ಕಳೇ. ಮರುಬಳಕೆಯ ದಾರಿ ಮುಚ್ಚಿದ್ದರಿಂದ ಹೈಪೊಕ್ಸಾಂಥಿನ್ ಎಲ್ಲ ಯೂರಿಕ್ ಆಮ್ಲದ ಕಡೆ ಹರಿಯುತ್ತದೆ. ಅಷ್ಟೇ ಅಲ್ಲ, ಖರ್ಚಾಗದ ಪಿಆರ್‌ಪಿಪಿ ಹೆಚ್ಚಾಗಿ ಹೊಸದಾಗಿ ಕಟ್ಟುವ ಮಾರ್ಗದ ಮೊದಲ ಕಿಣ್ವವನ್ನು ಕೆರಳಿಸುತ್ತದೆ, ಅದನ್ನು ತಡೆಯಬೇಕಾದ ಐಎಂಪಿ, ಜಿಎಂಪಿಗಳೂ ಸಾಲದಾಗುತ್ತವೆ. ಒಂದೇ ಕಿಣ್ವದ ಅಭಾವದಿಂದ ಒಡೆಯುವುದೂ ಹೆಚ್ಚಿತು, ಕಟ್ಟುವುದೂ ಹೆಚ್ಚಿತು. ಮಕ್ಕಳು ತಮ್ಮ ತುಟಿ, ಬೆರಳುಗಳನ್ನು ತಾವೇ ಕಚ್ಚಿಕೊಳ್ಳುವ ದಾರುಣ ಲಕ್ಷಣವೂ ಈ ರೋಗದ ಭಾಗ. ಯೂರಿಕ್ ಆಮ್ಲವನ್ನು ತಗ್ಗಿಸಿದರೂ ಆ ಲಕ್ಷಣ ಹೋಗುವುದಿಲ್ಲ.

ಎರಡನೆಯದು ಡಿಎಟಿಪಿ. ಅಡೆನೊಸಿನ್ ಡಿಅಮಿನೇಸ್ ಇಲ್ಲದ ಮಕ್ಕಳಲ್ಲಿ ಡಿಆಕ್ಸಿಅಡೆನೊಸಿನ್ ಒಡೆಯದೆ ಉಳಿದು, ಲಿಂಫೊಸೈಟ್‌ಗಳಲ್ಲಿ ಡಿಎಟಿಪಿಯಾಗಿ ಸಂಗ್ರಹವಾಗಿ, ರೈಬೋನ್ಯೂಕ್ಲಿಯೊಟೈಡ್ ರಿಡಕ್ಟೇಸನ್ನು ನಿಲ್ಲಿಸಿಬಿಡುತ್ತದೆ. ಒಡೆಯಲಾಗದ ಕಾರಣಕ್ಕೆ ಕಟ್ಟಲಾಗದ ಸ್ಥಿತಿ ಬಂದು, ರೋಗನಿರೋಧಕ ವ್ಯವಸ್ಥೆಯೇ ರೂಪುಗೊಳ್ಳುವುದಿಲ್ಲ. 1990ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ವಂಶವಾಹಿ ಚಿಕಿತ್ಸೆಯನ್ನು ಆರಂಭಿಸಿದ್ದು ಈ ರೋಗವಿದ್ದ ಒಂದು ಪುಟ್ಟ ಮಗುವಿಗೆ. ನಿಮ್ಮ ಮೊದಲ ಪ್ರಶ್ನೆಗೆ, ಅಂದರೆ ಒಡೆಯುವುದಾದರೂ ಏಕೆ ಎಂಬುದಕ್ಕೆ, ಇದಕ್ಕಿಂತ ನೇರವಾದ ಉತ್ತರ ನನಗೆ ತಿಳಿದಿಲ್ಲ.

ಕಿಣ್ವಕುತೂಹಲಿ

ಬಹಳ ಉಪಕಾರವಾಯಿತು. ಕೊನೆಯ ಒಂದು ಪ್ರಶ್ನೆ. ಗೌಟ್‌ಗೆ ಕೊಡುವ ಅಲೊಪ್ಯೂರಿನಾಲ್ ಔಷಧಿ ಕ್ಸಾಂಥಿನ್ ಆಕ್ಸಿಡೇಸನ್ನು ತಡೆಯುತ್ತದೆ ಎಂದು ಓದಿದ್ದೇನೆ. ಹಾಗಾದರೆ ಹೈಪೊಕ್ಸಾಂಥಿನ್ ಸಂಗ್ರಹವಾಗಿ ಬೇರೊಂದು ತೊಂದರೆ ಆಗುವುದಿಲ್ಲವೇ?

ರೋಗನಿದಾನ ವೈದ್ಯ

ಹೆಚ್ಚಿನವರಲ್ಲಿ ಆಗುವುದಿಲ್ಲ. ಮೊದಲು ಒಂದೇ ವಸ್ತುವಾಗಿ ಹೊರಹೋಗುತ್ತಿದ್ದದ್ದು ಈಗ ಹೈಪೊಕ್ಸಾಂಥಿನ್, ಕ್ಸಾಂಥಿನ್, ಯೂರಿಕ್ ಆಮ್ಲ ಎಂಬ ಮೂರಾಗಿ ಹಂಚಿಹೋಗುತ್ತದೆ, ಪ್ರತಿಯೊಂದೂ ತನ್ನ ಕರಗುವ ಮಿತಿಯೊಳಗೆ ಉಳಿಯುತ್ತದೆ. ಜೊತೆಗೆ ಹೈಪೊಕ್ಸಾಂಥಿನ್‌ನ ಒಂದು ಪಾಲು ಮರುಬಳಕೆಗೆ ಹೋಗಿ, ಅದಕ್ಕಾಗಿ ಪಿಆರ್‌ಪಿಪಿ ಖರ್ಚಾಗಿ, ಹೊಸ ಪ್ಯೂರಿನ್ ತಯಾರಿಕೆಯೂ ಕಡಿಮೆಯಾಗುತ್ತದೆ. ಲೆಷ್-ನೈಹಾನ್ ರೋಗಿಗಳಿಗೆ ಈ ಎರಡನೆಯ ಲಾಭ ಇಲ್ಲ, ಏಕೆಂದರೆ ಅವರಲ್ಲಿ ಮರುಬಳಕೆಯ ಕಿಣ್ವವೇ ಇಲ್ಲ. ಹಾಗಾಗಿ ಅವರಲ್ಲಿ ಕ್ಸಾಂಥಿನ್ ಕಲ್ಲುಗಳಾಗದಂತೆ ಎಚ್ಚರ ವಹಿಸಬೇಕು.

ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರ ತಂಡ ಈ ಔಷಧಿಯನ್ನು ಮೊದಲು ಪರೀಕ್ಷಿಸಿದ್ದು ಗೌಟ್‌ಗಾಗಿ ಅಲ್ಲ. ಲ್ಯುಕೇಮಿಯಾಕ್ಕೆ ಕೊಡುವ 6-ಮರ್ಕಾಪ್ಟೊಪ್ಯೂರಿನನ್ನು ಕ್ಸಾಂಥಿನ್ ಆಕ್ಸಿಡೇಸ್ ಬೇಗ ಒಡೆದುಬಿಡುತ್ತಿತ್ತು, ಅದನ್ನು ತಡೆಯಲು ಅವರು ಅಲೊಪ್ಯೂರಿನಾಲನ್ನು ಜೊತೆಗೆ ಕೊಟ್ಟು ನೋಡಿದರು. ರೋಗಿಗಳ ಯೂರಿಕ್ ಆಮ್ಲ ಇಳಿದದ್ದು ಆಗ ಕಂಡಿತು. ಇವರಿಬ್ಬರಿಗೆ ಜೇಮ್ಸ್ ಬ್ಲ್ಯಾಕ್ ಅವರೊಂದಿಗೆ 1988ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಆ ಒಡೆಯುವಿಕೆ ನಿಲ್ಲುವ ಕಾರಣದಿಂದಲೇ 6-ಮರ್ಕಾಪ್ಟೊಪ್ಯೂರಿನ್ ಅಥವಾ ದೇಹದಲ್ಲಿ ಅದಾಗಿ ಮಾರ್ಪಡುವ ಅಜಾಥಯೋಪ್ರಿನ್ ತೆಗೆದುಕೊಳ್ಳುತ್ತಿರುವವರಿಗೆ ಅಲೊಪ್ಯೂರಿನಾಲ್ ಸೇರಿಸುವುದು ಇಂದಿಗೂ ಅಪಾಯಕಾರಿ. ಕೊಡಲೇಬೇಕಾದರೆ 6-ಮರ್ಕಾಪ್ಟೊಪ್ಯೂರಿನ್ ಅಥವಾ ಅಜಾಥಯೋಪ್ರಿನ್‌ನ ಪ್ರಮಾಣವನ್ನು ಮೂರನೇ ಒಂದು ಅಥವಾ ನಾಲ್ಕನೇ ಒಂದು ಭಾಗಕ್ಕೆ ಇಳಿಸಿ, ರಕ್ತಕಣಗಳ ಎಣಿಕೆಯನ್ನು ಮತ್ತೆ ಮತ್ತೆ ನೋಡುತ್ತಿರಬೇಕು.